ತಾರೀಖಿನ ಗೆರೆ: ಗೂರ್ಖಾ ಪಿಂಚಣಿ ಮತ್ತು ನಮ್ಮ ಮನೆಸಾಲದ ಬಡ್ಡಿ

(ಉಗಾರ ಬುದ್ರುಕದಲ್ಲಿ ಮಾಜಿ ಸೈನಿಕರು ಹಾಗೂ ಗ್ರಾಮಸ್ಥರ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಪಾಠ)



ನಮ್ಮ ಕಡೆ ‘ಗೂರ್ಖಾ’ ಎಂದರೆ ಯಾರು? ರಾತ್ರಿ ಪೇಟೆಯ ಬೀದಿಯಲ್ಲಿ ಸೀಟಿ ಊದುತ್ತ, ಕೋಲು ಕುಟ್ಟುತ್ತ ಹೋಗುವವನು. ತಿಂಗಳಿಗೊಮ್ಮೆ ಅಂಗಡಿ ಅಂಗಡಿಗೆ ಬಂದು ಸಲಾಂ ಹೊಡೆದು ಹತ್ತಿಪ್ಪತ್ತು ರೂಪಾಯಿ ಪಡೆಯುವವನು. ಆದರೆ ಈ ಹೆಸರು ಹುಟ್ಟಿದ್ದು ನೇಪಾಳದ ಗೋರ್ಖಾ ಎಂಬ ಊರಿನಿಂದ. ಆ ಊರಿನ ಅರಸುಮನೆತನ ಕಟ್ಟಿದ ನೇಪಾಳದೊಡನೆ ಈಸ್ಟ್ ಇಂಡಿಯಾ ಕಂಪನಿ 1814ರಿಂದ 1816ರವರೆಗೆ ಯುದ್ಧ ಮಾಡಿತು. ಎದುರಾಳಿಯ ಕೆಚ್ಚನ್ನು ಕಂಡು ಬೆರಗಾದ ಕಂಪನಿ, ಯುದ್ಧ ಮುಗಿಯುವ ಮೊದಲೇ, 1815ರಲ್ಲಿ, ಅವರನ್ನು ತನ್ನ ಪಡೆಗೆ ಸೇರಿಸಿಕೊಳ್ಳತೊಡಗಿತು.

ಬೆಳಗಾವಿ ಜಿಲ್ಲೆಯವರಿಗೆ ಗೂರ್ಖಾಗಳು ದೂರದವರಲ್ಲ. ನಮ್ಮ ಬೆಳಗಾವಿಯಲ್ಲಿ ಕೇಂದ್ರ ಇರುವ ಮರಾಠಾ ಲಘು ಪದಾತಿ ದಳ ಮತ್ತು ಗೂರ್ಖಾ ದಳಗಳು ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ಒಂದೇ ರಣಾಂಗಣದಲ್ಲಿ ಹೋರಾಡಿದವು. ಅಲ್ಲಿ ಮರಾಠಾ ದಳದ ಯಶವಂತ ಘಾಡ್ಗೆ, ನಾಮದೇವ ಜಾಧವ ಅವರಿಗೆ ವಿಕ್ಟೋರಿಯಾ ಕ್ರಾಸ್ ಬಂತು. ಗೂರ್ಖಾಗಳಾದ ಥಮನ್ ಗುರುಂಗ್, ಶೇರ್ ಬಹಾದ್ದೂರ್ ಥಾಪಾ ಅವರಿಗೂ ಬಂತು. ನಾಲ್ವರಲ್ಲಿ ಬದುಕಿ ಮರಳಿದವರು ಜಾಧವರು ಒಬ್ಬರೇ.

ಇಂದು ನಾನು ಹೇಳಬೇಕೆಂದಿರುವುದು ರಣರಂಗದ ಕಥೆಯಲ್ಲ, ಲೆಕ್ಕದ ಕಥೆ. ಬಂದೂಕು ಕೆಳಗಿಟ್ಟ ಮೇಲೆ ಸೈನಿಕನಿಗೆ ಏನು ಸಿಗುತ್ತದೆ, ಅದನ್ನು ಯಾರು ಯಾವ ತಾರೀಖು ನೋಡಿ ನಿಶ್ಚಯಿಸುತ್ತಾರೆ ಎಂಬುದು.

1947ರ ನವೆಂಬರ್‌ನಲ್ಲಿ ಬ್ರಿಟನ್, ಭಾರತ, ನೇಪಾಳ ಒಂದು ತ್ರಿಪಕ್ಷೀಯ ಒಪ್ಪಂದ ಮಾಡಿಕೊಂಡವು. ಹತ್ತು ಗೂರ್ಖಾ ರೆಜಿಮೆಂಟುಗಳಲ್ಲಿ ಆರು ಭಾರತಕ್ಕೆ, ನಾಲ್ಕು ಬ್ರಿಟನ್ನಿಗೆ ಎಂದು ಪಾಲಾಯಿತು. ಅಣ್ಣತಮ್ಮಂದಿರು ಬೇರೆಯಾದಂತೆ! ಭಾರತಕ್ಕೆ ಬಂದವರಿಗೆ ನಮ್ಮ ಜವಾನರಿಗಿರುವ ಸಂಬಳ, ಅವರಿಗಿರುವ ಪಿಂಚಣಿ. ಅದನ್ನು ಹಂಚಲೆಂದೇ ಕಾಠ್ಮಂಡು, ಪೋಖರಾ, ಧರಾನ್‌ಗಳಲ್ಲಿ ಭಾರತದ ಪಿಂಚಣಿ ಕಚೇರಿಗಳಿವೆ. ಬ್ರಿಟನ್ನಿಗೆ ಹೋದವರ ಪಿಂಚಣಿಯನ್ನೂ ಭಾರತೀಯ ಸೇನೆಯ ದರಕ್ಕೇ ಗಂಟು ಹಾಕಲಾಯಿತು. ಕಾದಾಡುವುದು ಬ್ರಿಟನ್ನಿಗಾಗಿ, ಪಿಂಚಣಿ ದಿಲ್ಲಿಯ ಲೆಕ್ಕದಲ್ಲಿ! ಜತೆಗೇ ನಿಂತು ಗುಂಡಿಗೆ ಎದೆಯೊಡ್ಡಿದ ಬ್ರಿಟಿಷ್ ಸೈನಿಕನಿಗೆ ಸಿಗುವುದಕ್ಕೂ ಇವನಿಗೆ ಸಿಗುವುದಕ್ಕೂ ಅಜಗಜಾಂತರ.

ಬ್ರಿಟಿಷ್ ಸರ್ಕಾರದ ವಾದವನ್ನೂ ಕೇಳೋಣ. ಗೂರ್ಖಾ ನೇಪಾಳಕ್ಕೆ ಮರಳುತ್ತಾನೆ, ಅಲ್ಲಿ ಜೀವನವೆಚ್ಚ ಕಡಿಮೆ. ಅವನಿಗೆ 15 ವರ್ಷದ ಸೇವೆಗೇ ಪಿಂಚಣಿ ಶುರುವಾಗುತ್ತದೆ, ಬ್ರಿಟಿಷ್ ಸೈನಿಕನಿಗೆ ಕೂಡಲೇ ಪಿಂಚಣಿ ಬೇಕಾದರೆ 22 ವರ್ಷ ದುಡಿಯಬೇಕಿತ್ತು. ಇದರಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ 1960ರ ದಶಕದ ಕೊನೆಯಲ್ಲಿ ಪಡೆ ಕಡಿತವಾದಾಗ 15 ವರ್ಷ ತುಂಬುವ ಮೊದಲೇ ಮನೆಗೆ ಕಳಿಸಲ್ಪಟ್ಟ ಸಾವಿರಾರು ಮಂದಿಗೆ ಪಿಂಚಣಿಯೇ ಇಲ್ಲವಾಯಿತು. ಅಂಥವರಿಗಾಗಿ 1969ರಲ್ಲಿ ಗೂರ್ಖಾ ವೆಲ್ಫೇರ್ ಟ್ರಸ್ಟ್ ಎಂಬ ಧರ್ಮಾರ್ಥ ಸಂಸ್ಥೆ ಹುಟ್ಟಬೇಕಾಯಿತು. ಹಕ್ಕು ದಾನವಾಯಿತು.

ಮುಂದೆ ಒಂದು ತಾರೀಖು ಬಂತು: 1997ರ ಜುಲೈ 1. ಹಾಂಗ್‌ಕಾಂಗ್ ಚೀನಾದ ಕೈಸೇರಿದ ದಿನ. ಗೂರ್ಖಾಗಳ ನೆಲೆ ಅಲ್ಲಿಂದ ಬ್ರಿಟನ್ನಿಗೆ ಬಂತು. ಆ ತಾರೀಖಿನ ನಂತರ ನಿವೃತ್ತರಾದವರು ಬ್ರಿಟನ್ನಿನಲ್ಲಿ ನೆಲೆಸಬಹುದು ಎಂದು 2004ರಲ್ಲಿ ತೀರ್ಮಾನವಾಯಿತು. ಅದಕ್ಕೆ ಮೊದಲು ನಿವೃತ್ತರಾದವರು? ಅವರಿಗೆ ಆ ಬಾಗಿಲು ತೆರೆಯಲಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಹೈಕೋರ್ಟು ಮಾಜಿ ಗೂರ್ಖಾಗಳ ಪರ ತೀರ್ಪು ಕೊಟ್ಟಿತು. ನಟಿ ಜೊಆನಾ ಲಮ್ಲಿ ಅವರ ಪರ ನಿಂತರು. ಆಕೆಯ ತಂದೆ ಗೂರ್ಖಾ ದಳದ ಅಧಿಕಾರಿಯಾಗಿದ್ದವರು. 2009ರ ಏಪ್ರಿಲ್ 29ರಂದು ಬ್ರಿಟಿಷ್ ಸಂಸತ್ತಿನಲ್ಲಿ ಸರ್ಕಾರ 246ಕ್ಕೆ 267 ಮತಗಳಿಂದ ಸೋತಿತು. ಮೇ ತಿಂಗಳಲ್ಲಿ, ನಾಲ್ಕು ವರ್ಷ ಸೇವೆ ಮಾಡಿದ ಮಾಜಿ ಗೂರ್ಖಾಗಳೆಲ್ಲರೂ ಬರಬಹುದು ಎಂದು ಸರ್ಕಾರ ಒಪ್ಪಿತು.

ನೆಲೆಸುವ ಹಕ್ಕು ಬಂತು, ಪಿಂಚಣಿಯ ಗೆರೆ ಅಳಿಯಲಿಲ್ಲ. 1997ರ ಜುಲೈ 1ಕ್ಕೆ ಮೊದಲಿನ ಸೇವೆಗೆ ಕಡಿಮೆ ಬೆಲೆ, ಆನಂತರದ್ದಕ್ಕೆ ಪೂರ್ತಿ ಬೆಲೆ. 2016ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಇದರಲ್ಲಿ ಹಕ್ಕಿನ ಉಲ್ಲಂಘನೆ ಇಲ್ಲವೆಂದಿತು. 2021ರ ಆಗಸ್ಟ್‌ನಲ್ಲಿ ಮಾಜಿ ಗೂರ್ಖಾಗಳು ಪ್ರಧಾನಿ ನಿವಾಸದ ಎದುರು ಉಪವಾಸ ಕುಳಿತರು.

ಈಗ ನಮ್ಮ ಮನೆಗೆ ಬರೋಣ. ಇಂಥದೇ ಗೆರೆ ನಮ್ಮಲ್ಲೂ ಇತ್ತು. 1979ರ ಮಾರ್ಚ್ 31ರಂದು ಅಥವಾ ಆನಂತರ ನಿವೃತ್ತರಾದವರಿಗೆ ಮಾತ್ರ ಹೊಸ ಲೆಕ್ಕದ ಪಿಂಚಣಿ ಎಂದು ಕೇಂದ್ರ ಸರ್ಕಾರ ಹೇಳಿದಾಗ, ನಿವೃತ್ತ ಅಧಿಕಾರಿ ಡಿ.ಎಸ್. ನಾಕರಾ ಸುಪ್ರೀಂ ಕೋರ್ಟಿಗೆ ಹೋದರು. 1982ರ ಡಿಸೆಂಬರ್ 17ರಂದು ನ್ಯಾಯಾಲಯ ಆ ಗೆರೆಯನ್ನು ಅಳಿಸಿತು. ಪಿಂಚಣಿ ಸರ್ಕಾರದ ಕೃಪೆಯಲ್ಲ, ದುಡಿದವನ ಹಕ್ಕು ಎಂದಿತು. ಪಿಂಚಣಿದಾರರು ಇಂದಿಗೂ ಆ ದಿನವನ್ನು ತಮ್ಮ ದಿನವಾಗಿ ಆಚರಿಸುತ್ತಾರೆ.

ಆದರೂ ಸೈನಿಕನ ತೊಡಕು ಪೂರ್ತಿ ಬಗೆಹರಿಯಲಿಲ್ಲ. ಜವಾನ ಮನೆಗೆ ಬರುವುದು ನಲವತ್ತರ ಆಸುಪಾಸಿನಲ್ಲಿ. ಆಮೇಲೆ ಮೂರು ನಾಲ್ಕು ವೇತನ ಆಯೋಗಗಳು ಬಂದು ಹೋಗುತ್ತವೆ. ಪ್ರತಿ ಆಯೋಗಕ್ಕೂ ಸಂಬಳ ಏರುತ್ತದೆ. ಆಮೇಲೆ ನಿವೃತ್ತನಾದವನ ಪಿಂಚಣಿಯೂ ಏರುತ್ತದೆ. ಮೊದಲೇ ಬಂದ ಹವಾಲ್ದಾರ ಹಿಂದುಳಿಯುತ್ತಾನೆ. ಅದಕ್ಕೇ ‘ಒಂದು ಶ್ರೇಣಿ, ಒಂದು ಪಿಂಚಣಿ’ಯ ಹೋರಾಟ. 2015ರಲ್ಲಿ ಅದು ಘೋಷಣೆಯಾಗಿ 2014ರ ಜುಲೈ 1ರಿಂದ ಜಾರಿಗೆ ಬಂತು. ಐದು ವರ್ಷಕ್ಕೊಮ್ಮೆ ಪರಿಷ್ಕರಣೆ ಎಂದಾಯಿತು; 2022ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಭಾರತೀಯ ಸೇನೆಯಲ್ಲಿ ದುಡಿದು ನೇಪಾಳಕ್ಕೆ ಮರಳಿದ ಗೂರ್ಖಾನಿಗೂ ಇದು ಅನ್ವಯಿಸುತ್ತದೆ ಎಂಬುದು ನಮ್ಮ ದೇಶಕ್ಕೆ ಗೌರವದ ಮಾತು.

ಇದಕ್ಕೂ ಮನೆಸಾಲದ ಬಡ್ಡಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಅಲ್ಲಿಯೂ ತಾರೀಖಿನ ಗೆರೆ ಇದೆ.

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಬಂದದ್ದು ಈ ಊರಿನವರಿಗೆ ಹೇಳಬೇಕಿಲ್ಲ. ನದಿದಂಡೆಯ ಊರುಗಳಲ್ಲಿ ಮಣ್ಣಿನ ಗೋಡೆಗಳು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಎಂದಿತು. ಇಂದಿನ ಸಿಮೆಂಟು, ಕಬ್ಬಿಣ, ಗೌಂಡಿಯ ಕೂಲಿಗೆ ಅದು ಸಾಲದು, ಉಳಿದದ್ದು ಸಾಲವೇ. ಪಿಂಚಣಿ ಇರುವವನಿಗೆ ಬ್ಯಾಂಕು ಸಾಲ ಕೊಡುತ್ತದೆ, ಆದರೆ ವಯಸ್ಸು ನೋಡಿ ಅವಧಿ ಕಡಿಮೆ ಮಾಡುತ್ತದೆ. ಅವಧಿ ಕಡಿಮೆಯಾದಷ್ಟೂ ಕಂತು ಭಾರ.

ರಿಸರ್ವ್ ಬ್ಯಾಂಕು ತನ್ನ ರೆಪೊ ದರವನ್ನು 2025ರಲ್ಲಿ ನಾಲ್ಕು ಸಲ ಇಳಿಸಿ ಶೇ 6.50ರಿಂದ ಶೇ 5.25ಕ್ಕೆ ತಂದಿತು. ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಪಡೆಯುವ ಸಾಲದ ಬಡ್ಡಿಯೇ ರೆಪೊ. ಅದು ಇಳಿದರೆ ನಮ್ಮ ಬಡ್ಡಿಯೂ ಇಳಿಯಬೇಕು. ಲೆಕ್ಕ ನೋಡಿ: 10 ಲಕ್ಷ ರೂಪಾಯಿ ಸಾಲ, 15 ವರ್ಷದ ಅವಧಿ. ಬಡ್ಡಿ ಶೇ 9 ಆದರೆ ತಿಂಗಳ ಕಂತು 10,143 ರೂಪಾಯಿ. ಅದೇ ಶೇ 1.25 ಇಳಿದು ಶೇ 7.75 ಆದರೆ 9,413 ರೂಪಾಯಿ. ತಿಂಗಳಿಗೆ 730 ರೂಪಾಯಿ ಉಳಿತಾಯ, 15 ವರ್ಷಕ್ಕೆ 1 ಲಕ್ಷ 31 ಸಾವಿರಕ್ಕೂ ಹೆಚ್ಚು. ಪಿಂಚಣಿಯ ಮೇಲೆ ಬದುಕುವ ಮನೆಗೆ 730 ರೂಪಾಯಿ ಎಂದರೆ ರಕ್ತದೊತ್ತಡದ ಗುಳಿಗೆಯ ದುಡ್ಡು.

ಈ ಇಳಿಕೆ ಎಲ್ಲರ ಮನೆ ಬಾಗಿಲಿಗೆ ಬಂತೇ? ಇಲ್ಲಿದೆ ಗೆರೆ. 2019ರ ಅಕ್ಟೋಬರ್ 1ರಿಂದ ವಾಣಿಜ್ಯ ಬ್ಯಾಂಕುಗಳು ಕೊಡುವ ಹೊಸ ಬದಲಾಗುವ ಬಡ್ಡಿಯ ಮನೆಸಾಲವನ್ನು ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಿಸಬೇಕು, ಮೂರು ತಿಂಗಳಿಗೊಮ್ಮೆಯಾದರೂ ಬಡ್ಡಿ ಮರುಹೊಂದಿಸಬೇಕು ಎಂಬ ನಿಯಮ ಬಂತು. ಅದಕ್ಕೆ ಮೊದಲು ಸಾಲ ಮಾಡಿ, ಹಳೆಯ ಲೆಕ್ಕದಲ್ಲೇ ಉಳಿದವರಿಗೆ ಇಳಿಕೆ ತಡವಾಗಿ, ಅರೆಬರೆಯಾಗಿ ತಲುಪುತ್ತದೆ. ಬದಲಾಯಿಸಿಕೊಡಿ ಎಂದು ತಾವೇ ಅರ್ಜಿ ಕೊಡಬೇಕು. ಗೃಹಸಾಲ ಕಂಪನಿಗಳಿಗೆ, ಊರಿನ ಪತ್ತಿನ ಸಂಘಗಳಿಗೆ ಈ ನಿಯಮವೇ ಇಲ್ಲ. ಹೀಗೆ ಪಕ್ಕಪಕ್ಕದ ಎರಡು ಮನೆ, ಒಂದೇ ಬ್ಯಾಂಕು, ಬಡ್ಡಿ ಮಾತ್ರ ಬೇರೆ.

ಬ್ರಿಟನ್ನಿನಲ್ಲೂ ಇದೇ ಆಯಿತು. ಗೂರ್ಖಾಗಳ ಪ್ರಶ್ನೆ ಸಂಸತ್ತಿಗೆ ಬಂದ 2009ರ ಅದೇ ವಸಂತದಲ್ಲಿ, ಮಾರ್ಚ್ 5ರಂದು, ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ದರವನ್ನು ಶೇ 0.5ಕ್ಕೆ ಇಳಿಸಿತು. 1694ರಲ್ಲಿ ಹುಟ್ಟಿದ ಆ ಬ್ಯಾಂಕಿನ ಚರಿತ್ರೆಯಲ್ಲಿ ಅಷ್ಟು ಕೆಳಗೆ ದರ ಇಳಿದಿರಲಿಲ್ಲ. ದರವನ್ನೇ ಹಿಂಬಾಲಿಸುವ ಸಾಲ ಮಾಡಿದ್ದವರು ನಿಟ್ಟುಸಿರು ಬಿಟ್ಟರು. ನಿಗದಿತ ಬಡ್ಡಿಗೆ ಕಟ್ಟುಬಿದ್ದಿದ್ದವರು ಹಳೆಯ ಕಂತನ್ನೇ ಕಟ್ಟಿದರು.

ಹಾಗಾದರೆ ನಾವು ಮಾಡಬೇಕಾದ್ದೇನು? ಸಾಲ ಇರುವವರು ಬ್ಯಾಂಕಿಗೆ ಹೋಗಿ ಮೂರು ಪ್ರಶ್ನೆ ಕೇಳಬೇಕು. ನನ್ನ ಸಾಲ ಯಾವ ದರಕ್ಕೆ ಜೋಡಣೆಯಾಗಿದೆ? ಇಂದಿನ ಬಡ್ಡಿ ಎಷ್ಟು? ಹೊಸ ಲೆಕ್ಕಕ್ಕೆ ಬದಲಾಯಿಸಲು ಎಷ್ಟು ಶುಲ್ಕ? ಬಾಯಿಮಾತು ಬೇಡ, ಅರ್ಜಿ ಬರೆದುಕೊಟ್ಟು ಪ್ರತಿಯ ಮೇಲೆ ಶಿಕ್ಕಾ ಹಾಕಿಸಿಕೊಳ್ಳಿ. ಬಡ್ಡಿ ಬದಲಾದಾಗ ಕಂತು ಅಥವಾ ಅವಧಿ ಏನಾಯಿತೆಂದು ಗ್ರಾಹಕನಿಗೆ ತಿಳಿಸಬೇಕೆಂದು 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಸುತ್ತೋಲೆ ಹೊರಡಿಸಿದೆ. ಸಾಲ ತೀರಿದ ಮೇಲೆ ಉತಾರದಲ್ಲಿ ಬೋಜಾ ಉಳಿದಿದ್ದರೆ ಅದನ್ನು ತೆಗೆಸುವುದನ್ನೂ ಮರೆಯಬೇಡಿ.

ಕೊನೆಯದಾಗಿ ಒಂದು ಮಾತು. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂದು ಇನ್ನೊಂದು ಗೆರೆ ಬಿತ್ತು. ಈ ಯೋಜನೆಯಲ್ಲಿ ಸೇರಿದವರಿಗೆ ನಾಲ್ಕು ವರ್ಷದ ಸೇವೆ. ನಾಲ್ವರಲ್ಲಿ ಒಬ್ಬನನ್ನು ಉಳಿಸಿಕೊಳ್ಳುವುದು, ಉಳಿದ ಮೂವರಿಗೆ ಸುಮಾರು 11.71 ಲಕ್ಷ ರೂಪಾಯಿ ಕೊಟ್ಟು ಪಿಂಚಣಿ ಇಲ್ಲದೆ ಕಳಿಸುವುದು ಎಂದು ಯೋಜನೆ ಹೇಳಿತು. ತ್ರಿಪಕ್ಷೀಯ ಒಪ್ಪಂದಕ್ಕೆ ಇದು ಹೊಂದುವುದಿಲ್ಲವೆಂದು ಅದೇ ವರ್ಷ ನೇಪಾಳ ಭರ್ತಿಯನ್ನು ತಡೆಹಿಡಿಯಿತು. ಸೇನೆಯ ವೆಚ್ಚದಲ್ಲಿ ಪಿಂಚಣಿಯ ಪಾಲು ದೊಡ್ಡದು, ಪಡೆಯಲ್ಲಿ ಯುವಕರು ಹೆಚ್ಚಬೇಕು ಎಂಬುದು ಸರ್ಕಾರದ ವಾದ. ಅದನ್ನೂ ತೂಗಿ ನೋಡಬೇಕು. ಆದರೆ ನಾಳೆ ಈ ಊರಿನ ಹುಡುಗನೊಬ್ಬ ಇಪ್ಪತ್ತೈದಕ್ಕೆ ಮೊದಲೇ ಸೇವೆ ಮುಗಿಸಿ ಬಂದು ಮನೆ ಕಟ್ಟಲು ಸಾಲ ಕೇಳಿದಾಗ, ಬ್ಯಾಂಕಿನವರು ಪಿಂಚಣಿ ಪುಸ್ತಕ ಎಲ್ಲಿ ಎಂದರೆ ಅವನು ಏನು ತೋರಿಸಬೇಕು? ಇಲ್ಲಿ ಕುಳಿತ ಮಾಜಿ ಸೈನಿಕರಿಗಿಂತ ಚೆನ್ನಾಗಿ ಈ ಪ್ರಶ್ನೆ ಎತ್ತಬಲ್ಲವರು ಬೇರೆ ಇಲ್ಲ. ನಿಮ್ಮ ಹೋರಾಟಕ್ಕೆ ಫಲ ಸಿಕ್ಕಿದೆ. ಅವನದು ಈಗ ಶುರುವಾಗಲಿದೆ.