ಅಂಡದ ಅಂತರಂಗ



ಈ ದತ್ತಿಯ ಉಪನ್ಯಾಸಕ್ಕೆ ಮೊಟ್ಟೆಯನ್ನು ವಿಷಯವಾಗಿ ಆರಿಸಿಕೊಂಡದ್ದನ್ನು ಕೇಳಿ ಮಿತ್ರರು ಕೆಲವರು ಮುಗುಳುನಕ್ಕರು. ಆದರೆ ಕಂದು ಚಿಪ್ಪಿನದಾದರೆ ಪುಷ್ಟಿ ಹೆಚ್ಚು, ಹಳದಿ ಕೆಂಪಗಿದ್ದರೆ ನಾಟಿ, ಬಾತಿನದಾದರೆ ಉಷ್ಣ ಎಂದು ಪೇಟೆಯಲ್ಲಿಯೂ ಅಡಿಗೆಮನೆಯಲ್ಲಿಯೂ ಇದನ್ನು ಕುರಿತು ಹೊರಡುವಷ್ಟು ತೀರ್ಪುಗಳು ಬೇರಾವ ಆಹಾರವಸ್ತುವನ್ನು ಕುರಿತೂ ಹೊರಡುವುದನ್ನು ನಾನು ಕಾಣೆ. ಆ ತೀರ್ಪುಗಳಲ್ಲಿ ಬಹುಪಾಲು ಬಣ್ಣವನ್ನು ನೋಡಿ ಕೊಟ್ಟವು. ಬಣ್ಣವನ್ನು ಬದಿಗಿಟ್ಟು ಅಳತೆಯನ್ನು ಹಿಡಿದರೆ ಏನು ಕಾಣುವುದೆಂಬುದೇ ಈ ಹೊತ್ತಿನ ವಿಚಾರ.

ಚಿಪ್ಪಿನ ಮಾತನ್ನು ಬೇಗನೆ ಮುಗಿಸಬಹುದು. ಅದರ ಕಂದು ಒಂದು ವರ್ಣದ್ರವ್ಯದಿಂದಲೂ ನೀಲಿಹಸುರು ಇನ್ನೊಂದರಿಂದಲೂ ಬರತಕ್ಕದ್ದು. ಒಳಗಿನ ಸಾರಕ್ಕೂ ಅದಕ್ಕೂ ಸಂಬಂಧವಿಲ್ಲ. ದಾರ್ಢ್ಯದಲ್ಲಿ ಮಾತ್ರ ಜಾತಿಯಿಂದ ಜಾತಿಗೆ ಅಂತರ ಬಹಳ. ಕೋಳಿಮೊಟ್ಟೆಯ ಚಿಪ್ಪು ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ದಪ್ಪವಿದ್ದರೆ, ಸುಮಾರು 40 ಗ್ರಾಂ ತೂಗುವ ಗಿನಿಕೋಳಿಯ ಮೊಟ್ಟೆ ಅದಕ್ಕಿಂತ ಚಿಕ್ಕದಾದರೂ ಅದರ ಚಿಪ್ಪು ಅರ್ಧ ಮಿಲಿಮೀಟರಿನ ಸಮೀಪಕ್ಕೆ ಬರುವುದು. ಬಾಣಲೆಯ ಅಂಚಿಗೆ ತಟ್ಟಿದರೆ ಅದು ಒಮ್ಮೆಗೇ ಬಿರಿಯುವುದಿಲ್ಲ. ಗೌಜಲಕ್ಕಿಯದು ಇದಕ್ಕೆ ತೀರ ವಿರುದ್ಧ: ಚುಕ್ಕೆಚುಕ್ಕೆಯ ತೆಳುಚಿಪ್ಪು ಬೆರಳಿನ ಒತ್ತಡಕ್ಕೇ ಪುಡಿಯಾಗುತ್ತದೆ, ಆದರೆ ಅದರೊಳಗಿನ ಪೊರೆ ಹರಿಯಲೊಲ್ಲದು, ಆದಕಾರಣ ಬಲ್ಲ ಅಡಿಗೆಯವರು ಅದನ್ನು ಒಡೆಯದೆ ಚಾಕುವಿನ ಮೊನೆಯಿಂದ ಕೊಯ್ದು ತೆರೆಯುವರು.

ವಿಷಯ ನಿಜವಾಗಿ ಸಮೃದ್ಧವಾಗುವುದು ಹಳದಿಯ ಬಳಿಗೆ ಬಂದಾಗ. ಮೊಟ್ಟೆಯನ್ನು ಹಕ್ಕಿ ನಮ್ಮ ತಟ್ಟೆಗಾಗಿ ಇಡುವುದಿಲ್ಲ, ತನ್ನ ಮರಿಗಾಗಿ ಇಡುತ್ತದೆ ಎಂಬ ಸರಳ ಸತ್ಯವನ್ನು ನೆನಪಿನಲ್ಲಿರಿಸಿಕೊಂಡರೆ, ಜಾತಿಜಾತಿಗಳ ನಡುವೆ ಕಾಣುವ ವ್ಯತ್ಯಾಸವು ತಾನಾಗಿಯೇ ಅರ್ಥವಾಗುವುದು. ಕಣ್ಣು ತೆರೆಯದೆ, ಗರಿ ಮೂಡದೆ ಹೊರಬಂದು ತಾಯ್ತಂದೆಗಳ ಗುಟುಕನ್ನೇ ನೆಚ್ಚಿರುವ ಪಾರಿವಾಳದ ಮರಿಗೆ ಮೊಟ್ಟೆಯಲ್ಲಿ ಐದರಲ್ಲೊಂದು ಪಾಲಿನಷ್ಟು ಹಳದಿ ಸಾಕು; 21 ದಿನ ಕಾವು ಪಡೆದು, ಹುಟ್ಟಿದ ದಿನವೇ ನೆಲವನ್ನು ಕೆದಕಲು ತೊಡಗುವ ಕೋಳಿಮರಿಗೆ ಮೂರರಲ್ಲೊಂದಕ್ಕೆ ಹತ್ತಿರದ ಪಾಲು ಬೇಕು; 28 ದಿನ ಕಾವು ಬೇಡುವ ಬಾತಿನಲ್ಲಿ ಆ ಪಾಲು ಇನ್ನೂ ತುಸು ಏರುವುದು; ನ್ಯೂಜಿಲೆಂಡಿನ ಕಿವಿ ಹಕ್ಕಿಯಲ್ಲಂತೂ ಮೊಟ್ಟೆಯ ಮೂರರಲ್ಲೆರಡು ಭಾಗ ಹಳದಿಯೇ. ಮರಿ ಚಿಪ್ಪೊಡೆಯುವ ಮುನ್ನ ಉಳಿದ ಹಳದಿಯನ್ನು ತನ್ನ ಉದರದೊಳಕ್ಕೆ ಸೆಳೆದುಕೊಳ್ಳುವುದರಿಂದ ಎರಡು ದಿನ ಮೇವುನೀರಿಲ್ಲದೆಯೂ ಬದುಕಬಲ್ಲುದು. ಒಂದು ದಿನದ ಮರಿಗಳನ್ನು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ದೂರದೂರುಗಳಿಗೆ ಕಳುಹುವ ವ್ಯಾಪಾರವೆಲ್ಲ ಈ ಬುತ್ತಿಯ ಬಲದಿಂದಲೇ ನಡೆಯುತ್ತಿದೆ.

ಇನ್ನು ಹಳದಿಯ ಬಣ್ಣ. ಹಕ್ಕಿಯ ದೇಹ ಈ ವರ್ಣದ್ರವ್ಯಗಳನ್ನು ತಾನಾಗಿ ನಿರ್ಮಿಸಲಾರದು. ಮೆಕ್ಕೆಜೋಳ, ಹಸಿರುಹುಲ್ಲು, ನೀರಕಳೆಗಳಿಂದ ಪಡೆದುದನ್ನೇ ಅದು ಹಳದಿಯಲ್ಲಿ ಸಂಚಯಿಸುತ್ತದೆ. ಕೇರಳದ ಕುಟ್ಟನಾಡಿನಲ್ಲಿ ಕೊಯ್ಲಾದ ಗದ್ದೆಗಳನ್ನು ಮೇಯುವ ಬಾತುಗಳ ಮೊಟ್ಟೆ ಕೇಸರಿಯಾಗಿದ್ದರೆ ಅದಕ್ಕೆ ಆ ಮೇವೇ ಕಾರಣ. ಅದೇ ಕೇಸರಿಯನ್ನು ಗೂಡಿನ ಕೋಳಿಗೂ ಬರಿಸಬಹುದು: ನಮ್ಮ ಗುಂಡ್ಲುಪೇಟೆಯ ಕಡೆ ಹೊಲಗಳನ್ನೇ ತುಂಬಿ ಅರಳುವ ಚೆಂಡುಹೂವಿನಿಂದ ಕಾರ್ಖಾನೆಗಳು ಹಿಂಡುವಂಥ ಬಣ್ಣದ ಸಾರವನ್ನು ಮೇವಿಗೆ ಬೆರೆಸಿದರೆ ಕೆಲವೇ ದಿನಗಳಲ್ಲಿ ಹಳದಿ ಕೆಂಪೇರುವುದು. ಇದು ನಿರಪಾಯಕರವಾದ ಅಲಂಕಾರ. ಆದರೆ ಕೆಂಪಿನ ಮೇಲಣ ಗಿರಾಕಿಯ ಮೋಹ ಅಲ್ಲಿಗೇ ನಿಲ್ಲದೆ, 2006ರಲ್ಲಿ ಚೀನಾದೇಶದಲ್ಲಿ ಸುಡಾನ್ ಎಂಬ ಕೈಗಾರಿಕಾ ಬಣ್ಣವನ್ನು ಬಾತುಗಳಿಗೆ ತಿನ್ನಿಸಿದ ಪ್ರಕರಣವೂ ಬಯಲಾಯಿತು. ಕೆಂಪು ಹಳದಿಗೆ ಹೆಚ್ಚು ಬೆಲೆ ತೆರುವವರು ಯಾವುದಕ್ಕೆ ತೆರುತ್ತಿದ್ದೇವೆಂದು ಒಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು.

ತಾಜಾತನಕ್ಕೆ ಸಾಕ್ಷಿ ಬೇಕಾದರೆ ಮೊಟ್ಟೆಯನ್ನು ಸಮತಲವಾದ ಗಾಜಿನ ಮೇಲೆ ಒಡೆದು ನೋಡಬೇಕು. ಹೊಸದಾದರೆ ಗಟ್ಟಿಲೋಳೆ ಹಳದಿಯ ಸುತ್ತ ದಿಬ್ಬದಂತೆ ನಿಲ್ಲುವುದು, ಹಳದಿ ಉಬ್ಬಿ ನಿಲ್ಲುವುದು. ದಿನ ಕಳೆದಂತೆ ಇಂಗಾಲದ ಡೈಆಕ್ಸೈಡ್ ಚಿಪ್ಪಿನ ರಂಧ್ರಗಳಿಂದ ಹೊರಟುಹೋಗಿ ಲೋಳೆ ಕ್ಷಾರೀಯವಾಗುತ್ತ ನೀರಾಗುವುದು, ಆ ನೀರು ಹಳದಿಗೂ ಇಳಿದು ಅದರ ಪೊರೆಯನ್ನು ಸಡಿಲಿಸುವುದು. ಈ ಕುಸಿತವನ್ನು ಅಂಕಿಗೆ ತರಲು ಅಮೆರಿಕದ ರೇಮಂಡ್ ಹಾ ಎಂಬಾತನು 1937ರಲ್ಲಿ ಒಂದು ಸೂತ್ರವನ್ನು ಕೊಟ್ಟನು. ಗಟ್ಟಿಲೋಳೆಯ ಎತ್ತರವನ್ನು ಮೊಟ್ಟೆಯ ತೂಕಕ್ಕೆ ಹೊಂದಿಸಿ ಲೆಕ್ಕಹಾಕುವ ಆ ಸೂತ್ರವೇ ಇಂದಿಗೂ ಪ್ರಮಾಣ. ಆದರೆ ಅದು ಹುಟ್ಟಿದ್ದು ಕೋಳಿಮೊಟ್ಟೆಗಾಗಿ, ಸುಮಾರು 57 ಗ್ರಾಂ ತೂಕವನ್ನು ಆಧಾರವಾಗಿ ಹಿಡಿದು. ಲೋಳೆಯ ಎತ್ತರ 4 ಮಿಲಿಮೀಟರು ಇದ್ದಾಗ 57 ಗ್ರಾಮಿನ ಕೋಳಿಮೊಟ್ಟೆಗೆ ಅದು 60 ಅಂಕ ಕೊಟ್ಟರೆ, ಅಷ್ಟೇ ಎತ್ತರದ 10 ಗ್ರಾಮಿನ ಗೌಜಲಕ್ಕಿ ಮೊಟ್ಟೆಗೆ 88 ಕೊಡುವುದು! ಇಷ್ಟನ್ನೇ ನೆಚ್ಚಿ ಗೌಜಲಕ್ಕಿಯ ಮೊಟ್ಟೆ ಕೋಳಿಯದಕ್ಕಿಂತ ಶ್ರೇಷ್ಠವೆಂದು ಸಾರುವುದು ಅವಸರದ ಮಾತಾದೀತು. ಹಳದಿಯ ಎತ್ತರವನ್ನು ಅದರ ಅಗಲದಿಂದ ಭಾಗಿಸಿ ಪಡೆಯುವ ಹಳದಿಸೂಚಿಯಾದರೋ ಬರಿಯ ಅನುಪಾತವಾದ್ದರಿಂದ ಗಾತ್ರದ ಈ ಹಂಗಿನಿಂದ ಬಹುಮಟ್ಟಿಗೆ ಪಾರು. ಜಾತಿಗಳನ್ನು ಹೋಲಿಸುವ ತರುಣ ಸಂಶೋಧಕರು ತಮ್ಮ ಕೋಷ್ಟಕಗಳಲ್ಲಿ ಹಾ ಅಂಕದ ಪಕ್ಕದಲ್ಲಿ ಈ ಸೂಚಿಯನ್ನೂ, ಮೊಟ್ಟೆಯ ತೂಕವನ್ನೂ, ಲೋಳೆಯ ಎತ್ತರವನ್ನು ಅಳೆದಂತೆಯೇ ಮಿಲಿಮೀಟರಿನಲ್ಲಿಯೂ ಮುದ್ರಿಸಬೇಕೆಂದು ನಾನು ಕೇಳಿಕೊಳ್ಳುತ್ತೇನೆ.