ಕಡಲಾಳಕ್ಕೆ ಕಿವಿಗೊಟ್ಟು



ಕುವ್ಯೇ ಕೊಕ್ಕಿನ ತಿಮಿಂಗಿಲವೆಂಬುದೊಂದುಂಟು. ಅದು ನೀರಿನ ಮೇಲೆ ಕಾಣಸಿಗುವುದೇ ವಿರಳ. ಕ್ಯಾಲಿಫೋರ್ನಿಯದ ಕಡಲಿನಲ್ಲಿ ಒಂದು, ಒಂದೇ ಉಸಿರಿನಲ್ಲಿ 2992 ಮೀಟರು ಆಳಕ್ಕೆ ಮುಳುಗಿದ ಸಂಗತಿ 2014ರಲ್ಲಿ ಪ್ರಕಟವಾಯಿತು. ಆ ಕಗ್ಗತ್ತಲೆಯಲ್ಲಿ ಅದರ ಬಾಳನ್ನು ನಾವು ಅರಿಯುವ ಬಗೆ ಹೇಗೆ? ಕಿವಿಯೇ ದಾರಿ. ಹೀರುಬಟ್ಟಲುಗಳಿಂದ ಬೆನ್ನಿಗಂಟಿಸಿದ ಧ್ವನಿಮುದ್ರಣ ಯಂತ್ರ ಅದರೊಡನೆಯೇ ಮುಳುಗಿ ಬರುತ್ತದೆ. 200 ಮೀಟರು ಇಳಿಯುವವರೆಗೆ ಈ ಪ್ರಾಣಿ ಮೌನಿ. ಬಳಿಕವೇ ಟಿಕ್ ಟಿಕ್ ಎಂದು ಸದ್ದುಗೈದು, ಮಾರ್ದನಿಯಿಂದ ಬೇಟೆಯನ್ನು ಹುಡುಕುತ್ತದೆಂದು 2004ರಲ್ಲಿ ತಿಳಿದುಬಂತು. ಮನುಷ್ಯನ ಕಿವಿಗೆ ನಿಲುಕದಷ್ಟು ಉಚ್ಚ ಸ್ವರವದು. ಮುದ್ರಿಕೆಯನ್ನು ನಿಧಾನಗೊಳಿಸಿ ನುಡಿಸಿದರಷ್ಟೇ ನಮಗೆ ಕೇಳೀತು.

ಇಂಥ ಜೀವಿಗೆ ನಮ್ಮ ಗದ್ದಲವೇ ಮೃತ್ಯುವಾದುದುಂಟು. 2000ದ ಮಾರ್ಚ್ ತಿಂಗಳಲ್ಲಿ ಬಹಾಮಾ ದ್ವೀಪಗಳ ದಡಕ್ಕೆ 17 ಕಡಲಜೀವಿಗಳು ಬಂದು ಬಿದ್ದವು; ಹೆಚ್ಚಿನವು ಕೊಕ್ಕಿನ ತಿಮಿಂಗಿಲಗಳೇ. ಹಲವು ಅಸುನೀಗಿದವು. ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಅಮೆರಿಕದ ಯುದ್ಧನೌಕೆಗಳು ಹೊಮ್ಮಿಸಿದ ಸೋನಾರ್ ಶಬ್ದವೇ ಕಾರಣವಿರಬೇಕೆಂದು 2001ರಲ್ಲಿ ಆ ದೇಶದ ಸರ್ಕಾರಿ ವರದಿಯೇ ಒಪ್ಪಿತು. ಸ್ಪೇನ್ ದೇಶವು 2004ರಲ್ಲಿ ಕನೇರಿ ದ್ವೀಪಗಳ ಸುತ್ತ ಸೋನಾರನ್ನು ನಿಷೇಧಿಸಿತು. ಆ ಬಳಿಕ ಅಲ್ಲಿ ಅಂಥ ಸಾಮೂಹಿಕ ಸಾವು ಸಂಭವಿಸಿಲ್ಲವೆಂದು ಸಂಶೋಧಕರು 2013ರಲ್ಲಿ ಬರೆದರು.

ಆಳದ ದನಿಗೆ ಕಿವಿಗೊಟ್ಟ ಮೇಲೆ ನಮ್ಮ ದನಿಯನ್ನು ತಗ್ಗಿಸುವುದೂ ನಮ್ಮ ಹೊಣೆಯೇ ಸರಿ.