ಮನೆಮದ್ದಿನ ಜೇನು

ಮಳೆ ಹಿಡಿದು ನಾಲ್ಕು ದಿನಗಳಾದರೆ ಸಾಕು, ಹಾನಗಲ್ಲಿನ ಯಾವ ಓಣಿಯಲ್ಲಿ ನಿಂತರೂ ಕೆಮ್ಮಿನ ಸದ್ದು ಕೇಳಿಬರುವುದು. ಒಂದು ಮನೆಯಲ್ಲಿ ಶಾಲೆಗೆ ಹೋಗುವ ಹುಡುಗ ಕೆಮ್ಮುತ್ತಿದ್ದರೆ ಇನ್ನೊಂದು ಮನೆಯಲ್ಲಿ ಅಜ್ಜ ಕೆಮ್ಮುತ್ತಿರುತ್ತಾನೆ. ಆಗ ಅಡಿಗೆಮನೆಯ ಗೂಡಿನಿಂದ ಜೇನಿನ ಶೀಸೆ ಕೆಳಗಿಳಿಯುತ್ತದೆ. ಎಲೆಬಳ್ಳಿಗೆ ಹೆಸರಾದ ಸವಣೂರಿನಲ್ಲಿ ವೀಳ್ಯದೆಲೆಯ ರಸಕ್ಕೆ ಬರವಿಲ್ಲ. ಶಿಗ್ಗಾಂವಿಯವರಿಗೂ ಹಿರೇಕೆರೂರಿನವರಿಗೂ ತುಳಸಿ, ಒಣಶುಂಠಿ, ಮೆಣಸು ಕೈಗೆಟಕುವ ವಸ್ತುಗಳೇ. ಇವುಗಳಲ್ಲಿ ಒಂದನ್ನು ಜೇನಿನಲ್ಲಿ ಕಲಸಿ ನೆಕ್ಕಿಸಿದರೆ ರಾತ್ರಿ ತುಸು ನಿದ್ದೆ ಬರುವುದೆಂದು ಹಿರಿಯರ ಅನುಭವ.

ಈ ಅನುಭವ ಬರಿಯ ನಂಬಿಗೆಯೇ, ಅಥವಾ ಇದರಲ್ಲಿ ಹುರುಳುಂಟೇ ಎಂದು ನೀವು ಕೇಳಬಹುದು. ಹುರುಳು ಉಂಟು. ಅದರೊಡನೆ ಒಂದು ಅಪಾಯವೂ ಉಂಟು. ಎರಡನ್ನೂ ನಿಮ್ಮ ಮುಂದಿಡುವುದೇ ಇಂದಿನ ಮಾತಿನ ಉದ್ದೇಶ.

ಮೊದಲು ಗುಣವನ್ನು ನೋಡೋಣ. ಜೇನಿನ 100 ಭಾಗದಲ್ಲಿ ಸುಮಾರು 80 ಭಾಗ ಸಕ್ಕರೆ, ಉಳಿದುದರಲ್ಲಿ ಹೆಚ್ಚಿನದು ನೀರು. ಅದರ ಗುಣದಲ್ಲಿ ತುಸು ಹುಳಿಯೂ ಇದೆ. ಇಷ್ಟು ದಟ್ಟವಾದ, ಹುಳಿಯಾದ ಪಾಕದಲ್ಲಿ ರೋಗಾಣುಗಳು ಬೆಳೆಯಲಾರವು. ಗಂಟಲಿನ ಒಳಮೈಗೆ ಅದು ತೆಳುವಾಗಿ ಲೇಪವಾಗಿ, ಕೆರೆತವನ್ನು ತಗ್ಗಿಸುತ್ತದೆ. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮಕ್ಕಳ ನೆಗಡಿ ಕೆಮ್ಮುಗಳನ್ನು ಕುರಿತು ಹೊರಡಿಸಿದ ಹೊತ್ತಗೆಯಲ್ಲಿ, ಗಂಟಲಿಗೆ ಹಿತ ನೀಡುವ ಅಗ್ಗದ ಮನೆಮದ್ದುಗಳ ಸಾಲಿನಲ್ಲಿ ಜೇನನ್ನೂ ಸೇರಿಸಿತು. 2007ರಲ್ಲಿ ಅಮೇರಿಕೆಯ ಪೆನ್ಸಿಲ್ವೇನಿಯಾದಲ್ಲಿ 2ರಿಂದ 18 ವರ್ಷದ 105 ಮಕ್ಕಳನ್ನು ಪರೀಕ್ಷಿಸಿದಾಗ, ಮಲಗುವ ಮುನ್ನ ಜೇನು ನೆಕ್ಕಿದವರ ಕೆಮ್ಮು, ಏನೂ ಕೊಡದವರಿಗಿಂತ ಹೆಚ್ಚು ಇಳಿದುದು ಕಂಡುಬಂದಿತು. ಅಜ್ಜಿಯ ಚಮಚೆಗೆ ವಿಜ್ಞಾನದ ಸಾಕ್ಷಿಯೂ ಸಿಕ್ಕಿತೆನ್ನಬಹುದು.

ಬೇರು ಎಲೆಗಳ ಮಾತು ಬೇರೆ. ಆಯುರ್ವೇದದಲ್ಲಿ ಜೇನು ಬಹುಮಟ್ಟಿಗೆ ಅನುಪಾನ. ಎಂದರೆ ಔಷಧವನ್ನು ಒಳಗೆ ಕೊಂಡೊಯ್ಯುವ ವಾಹನ. ಶುಂಠಿಯ ಖಾರ ಗಂಟಲಿಗೆ ಬಿಸುಪು ಕೊಡುತ್ತದೆ, ತುಳಸಿಯ ಕಂಪು ಹಿತವಾಗುತ್ತದೆ. ಆದರೆ ಇವು ಕೂಡಿದ ಮಾತ್ರಕ್ಕೆ ಜೇನು ಸರ್ವರೋಗಕ್ಕೆ ಮದ್ದಾಯಿತೆಂದು ತಿಳಿಯಬಾರದು. ಎರಡು ವಾರ ಮೀರಿದ ಕೆಮ್ಮು, ಕಫದಲ್ಲಿ ರಕ್ತ, ಸಂಜೆಯ ಜ್ವರ, ಏದುಸಿರು, ಇವುಗಳಲ್ಲಿ ಯಾವುದೊಂದು ಇದ್ದರೂ ಶೀಸೆಯನ್ನು ಮುಚ್ಚಿಟ್ಟು ತಾಲೂಕಿನ ದವಾಖಾನೆಗೆ ಹೋಗತಕ್ಕದ್ದು. ಕ್ಷಯವನ್ನು ಜೇನಿನಿಂದ ಮುಚ್ಚಿಡಲಾಗದು.

ಇನ್ನು ಜೇನಿನ ಆಯ್ಕೆ. ಮಲೆನಾಡಿನ ಅಂಚಿಗಿರುವ ಹಾನಗಲ್ಲಿನ ಕಡೆಗೆ ತುಡುವೆಯ ಜೇನು, ಹೆಜ್ಜೇನು ಎರಡೂ ಪರಿಚಿತ. ಹುಟ್ಟನ್ನು ಕೈಯಿಂದ ಹಿಂಡಿ ತೆಗೆದ ಜೇನಿನಲ್ಲಿ ಮರಿಹುಳುಗಳ ರಸವೂ ಪರಾಗವೂ ಬೆರೆತಿರುತ್ತವೆ. ಹುಟ್ಟಿನ ಕಣ್ಣುಗಳಿಗೆ ಹುಳುಗಳು ಮೇಣದ ಮುಚ್ಚಳ ಹಾಕುವ ಮೊದಲೇ ಇಳಿಸಿದ ಜೇನು ತೆಳ್ಳಗಿದ್ದು ಬೇಗನೆ ಹುಳಿಯುತ್ತದೆ. ನಮ್ಮ ದೇಶದ ಆಹಾರ ಸುರಕ್ಷತೆಯ ಕಟ್ಟಳೆಯಂತೆ ಜೇನಿನಲ್ಲಿ ನೀರಿನ ಅಂಶ 100ಕ್ಕೆ 20ನ್ನು ಮೀರಕೂಡದು. ಚಳಿಗಾಲದಲ್ಲಿ ಜೇನು ಹರಳುಗಟ್ಟಿದರೆ ಬೆಲ್ಲದ ಪಾಕ ಬೆರೆಸಿದ್ದಾರೆಂದು ಸಂಶಯಪಡಬೇಡಿರಿ. ಅದು ಜೇನಿನ ಸಹಜ ಧರ್ಮ. ನೀರಿನಲ್ಲಿ ತೊಟ್ಟಿಕ್ಕಿ ನೋಡುವುದು, ಬತ್ತಿ ಅದ್ದಿ ಉರಿಸುವುದು, ಇವುಗಳಿಂದಲೂ ಕಲಬೆರಕೆ ಗೊತ್ತಾಗದು. 2020ರ ಡಿಸೆಂಬರದಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪೇಟೆಯ 13 ಬಗೆಯ ಜೇನನ್ನು ಹೊಸ ಯಂತ್ರದಿಂದ ಪರೀಕ್ಷೆ ಮಾಡಿಸಿದಾಗ 10 ಬಗೆಗಳು ಶುದ್ಧವೆಂದು ತೇರ್ಗಡೆಯಾಗಲಿಲ್ಲ. ಆದುದರಿಂದ ಗುರುತು ಇರುವ ಸಾಕಣೆಗಾರರಿಂದ ಕೊಳ್ಳುವುದೇ ಲೇಸು.

ಮದ್ದಿನ ಜೇನನ್ನು ಮನೆಯಲ್ಲಿಯೇ ಮಾಡುವುದಾದರೆ ಒಂದೇ ಸೂತ್ರ ನೆನಪಿನಲ್ಲಿರಲಿ: ಜೇನಿನ ವೈರಿ ನೀರು. ಗಾಜಿನ ಶೀಸೆಯನ್ನು ತೊಳೆದು ಬಿಸಿಲಲ್ಲಿ ಪೂರಾ ಒಣಗಿಸಿರಿ. ತುಳಸಿಯ ಎಲೆಯನ್ನು ನೆರಳಲ್ಲಿ ಒಣಗಿಸಿ, ಬೆರಳಲ್ಲಿ ಹಿಚುಕಿದರೆ ಪುಡಿಯಾಗುವಂತಿರಬೇಕು. ಶುಂಠಿಯಾದರೆ ಒಣಶುಂಠಿಯೇ ಆಗಬೇಕು. ಶೀಸೆಯ ಕಾಲು ಭಾಗ ಈ ಸಾಮಗ್ರಿ ಹಾಕಿ, ಮುಳುಗುವಂತೆ ಜೇನು ಸುರಿದು, ಒಂದೆರಡು ವಾರ ಬಿಟ್ಟು ಸೋಸಿಕೊಳ್ಳಿರಿ. ಹಸಿ ಶುಂಠಿ, ಹಸಿ ಬೆಳ್ಳುಳ್ಳಿ, ಎಲೆಯ ರಸ ಇವನ್ನು ಜೇನಿನಲ್ಲಿ ತುಂಬಿ ತಿಂಗಳುಗಟ್ಟಲೆ ಇಡಕೂಡದು. ಅವುಗಳ ನೀರು ಜೇನನ್ನು ತೆಳ್ಳಗೆ ಮಾಡಿ, ಹುಳಿಯುವುದಕ್ಕೂ ಇನ್ನೂ ಕೆಡುಕಾದುದಕ್ಕೂ ಹಾದಿ ಮಾಡಿಕೊಡುತ್ತದೆ. ಹಸಿಯದನ್ನು ಬೇಕಾದಾಗ ಬೇಕಾದಷ್ಟೇ ಕಲಸಿ ಅಂದೇ ಮುಗಿಸಿರಿ. ನೊರೆಯೆದ್ದ, ಹೆಂಡದ ವಾಸನೆ ಬಂದ ಜೇನನ್ನು ಚೆಲ್ಲಿಬಿಡಿರಿ. ಒದ್ದೆಯ ಚಮಚೆಯನ್ನು ಶೀಸೆಯೊಳಗೆ ಬಿಡಬೇಡಿರಿ.

ಪ್ರಮಾಣವೂ ಮಿತವಾಗಿರಲಿ. ವರ್ಷ ತುಂಬಿದ ಮಗುವಿಗೆ ಅರ್ಧ ಸಣ್ಣ ಚಮಚೆ, ದೊಡ್ಡ ಮಕ್ಕಳಿಗೆ ಒಂದು ಚಮಚೆ ಸಾಕು. ಸಕ್ಕರೆ ಬೇನೆಯವರಿಗೆ ಜೇನೂ ಸಕ್ಕರೆಯೇ. ‘ಸ್ವಾಭಾವಿಕ’ ಎಂಬ ಮಾತಿಗೆ ಮರುಳಾಗಬಾರದು. ರಕ್ತದ ಒತ್ತಡ ಇರುವವರು ಜ್ಯೇಷ್ಠಮಧುವನ್ನು ದಿನಾಲು ಬಳಸಬಾರದು, ಅದು ಒತ್ತಡವನ್ನು ಏರಿಸುತ್ತದೆ. ಬಸುರಿಯರು ಆಡುಸೋಗೆಯಿಂದ ದೂರವಿರಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇನೆ. ಕೂಸು ಹುಟ್ಟಿದ ದಿನ ಅದರ ನಾಲಗೆಗೆ ಜೇನು ಸವರುವ ಪದ್ಧತಿ ನಮ್ಮಲ್ಲಿ ಬಹು ಹಳೆಯದು. ಮುಂದೆ ಹೊಟ್ಟೆನೋವು, ನೆಗಡಿ ಎಂದು ಸಾಣೆಕಲ್ಲಿನ ಮೇಲೆ ಬಜೆ ತೇಯ್ದು, ಜೇನಿನಲ್ಲಿ ಕಲಸಿ ನೆಕ್ಕಿಸುವವರೂ ಇದ್ದಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ವರ್ಷ ತುಂಬದ ಕೂಸಿಗೆ ಜೇನನ್ನು ಒಂದು ಹನಿಯನ್ನೂ ಕೊಡಕೂಡದು.

ಕಾರಣ ಹೀಗಿದೆ. ಮಣ್ಣಿನಲ್ಲಿ ಬೊಟುಲಿಸಮ್ ಎಂಬ ಬೇನೆಯ ಬೀಜಕಣಗಳು ಇರುತ್ತವೆ. ಅವು ಧೂಳಿನೊಡನೆ ಜೇನಿಗೂ ಸೇರಬಹುದು. ಜೇನಿನಲ್ಲಿ ಅವು ಮಲಗಿರುತ್ತವೆ. ನಿಮ್ಮ ನಮ್ಮ ಹೊಟ್ಟೆಯಲ್ಲಿಯೂ ಏಳುವುದಿಲ್ಲ. ಹಸುಗೂಸಿನ ಕರುಳು ಇನ್ನೂ ಬಲಿತಿಲ್ಲವಾದ್ದರಿಂದ ಅಲ್ಲಿ ಮೊಳೆತು ವಿಷ ಉಂಟುಮಾಡುತ್ತವೆ. ಹಸುಗೂಸುಗಳ ಈ ಬೇನೆಯನ್ನು ವೈದ್ಯರು ಮೊದಲು ಗುರುತಿಸಿದ್ದು 1976ರಲ್ಲಿ, ಅಮೇರಿಕೆಯ ಕ್ಯಾಲಿಫೋರ್ನಿಯಾದಲ್ಲಿ. ಅದು ವಿರಳವಾದ ಬೇನೆ, ನಿಜ. ಆದರೆ ಯಾವ ಶೀಸೆಯಲ್ಲಿ ಅದರ ಬೀಜವಿದೆಯೆಂದು ನೋಡಿ ಹೇಳಲು ಬರುವುದಿಲ್ಲ. ಕುದಿಸಿದರೂ ಅದು ಸಾಯುವುದಿಲ್ಲ. ಶುದ್ಧ ಜೇನೆಂದರೂ ಬಿಡುವುದಿಲ್ಲ.

ಲಕ್ಷಣಗಳನ್ನು ತಿಳಿದಿರಿ. ಮೊದಲು ಕೂಸಿಗೆ ಮಲ ಕಟ್ಟುತ್ತದೆ. ಬಳಿಕ ಹಾಲು ಚೀಪುವ ಶಕ್ತಿ ಕುಂದುತ್ತದೆ, ಅಳು ಕ್ಷೀಣವಾಗುತ್ತದೆ, ರೆಪ್ಪೆ ಜೋತುಬೀಳುತ್ತದೆ, ಕತ್ತು ನಿಲ್ಲದಂತಾಗುತ್ತದೆ. ಮಲ ಕಟ್ಟಿತೆಂದು ಹಿರಿಯರು ಇನ್ನಷ್ಟು ಜೇನು ನೆಕ್ಕಿಸಿದರೆ ಗತಿಯೇನು? ಇಂಥ ಕೂಸನ್ನು ತಡಮಾಡದೆ ದವಾಖಾನೆಗೆ ಒಯ್ಯಬೇಕು. ಉಸಿರಿನ ಸ್ನಾಯುಗಳೂ ಸೋಲುವ ಸಂಭವವಿದೆ. ಬಜೆಯೂ ನಿರಪಾಯವಲ್ಲ. ಅದರ ಎಣ್ಣೆಯಲ್ಲಿ ಕೆಡುಕಿನ ಅಂಶವಿದೆಯೆಂದು 1968ರಲ್ಲಿಯೇ ಅಮೇರಿಕೆಯಲ್ಲಿ ಆಹಾರಪದಾರ್ಥಗಳಲ್ಲಿ ಅದನ್ನು ಸೇರಿಸುವುದನ್ನು ನಿಷೇಧಿಸಿದರು. ಮೊದಲ ಆರು ತಿಂಗಳು ಕೂಸಿಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಡ.

ತೊಡಕು ಇರುವುದು ಶಾಸ್ತ್ರದಲ್ಲಲ್ಲ, ಮನೆಯಲ್ಲಿ. ಇಪ್ಪತ್ತು ವರ್ಷದ ಸೊಸೆ, ಅತ್ತೆಯ ಕೈಯಲ್ಲಿರುವ ಜೇನಿನ ಬಟ್ಟಲನ್ನು ಕಂಡು ‘ಬ್ಯಾಡ್ರಿ ಅತ್ತಿ’ ಎಂದು ಹೇಗೆ ಹೇಳಿಯಾಳು? ಆದುದರಿಂದ ಈ ಮಾತನ್ನು ಸೊಸೆಯಂದಿರಿಗಲ್ಲ, ಹಿರಿಯರಾದ ನಿಮಗೇ ಹೇಳುತ್ತಿದ್ದೇನೆ. ಶಾಸ್ತ್ರ ಬಿಡಬೇಕಾಗಿಲ್ಲ. ಬಟ್ಟಲಿನ ಜೇನನ್ನು ದೇವರ ಮುಂದಿಟ್ಟು ಬಾಣಂತಿಯ ಬಾಯಿಗೆ ಹಾಕಿರಿ. ತಾಯಿ ಜೇನು ತಿಂದರೆ ಹಾಲಿನ ಮೂಲಕ ಕೂಸಿಗೆ ಆ ಬೀಜ ಹೋಗುವುದಿಲ್ಲ. ವರ್ಷ ತುಂಬಿದ ಮೇಲೆ, ಕೆಮ್ಮು ಬಂದ ಒಂದು ಮಳೆಗಾಲದ ರಾತ್ರಿ, ನೀವೇ ತುಳಸಿಯ ಜೇನನ್ನು ಆ ಮೊಮ್ಮಗುವಿಗೆ ನೆಕ್ಕಿಸಿರಿ. ಅಲ್ಲಿಯವರೆಗೆ ಶೀಸೆ ಗೂಡಿನಲ್ಲಿಯೇ ಇರಲಿ. ಜೇನು ಕೆಡುವ ವಸ್ತುವಲ್ಲ, ಕಾಯಬಲ್ಲದು.